ಯಾರೂ ಬರುವ ಮೊದಲು

ಗಾಳಿ ಹಿಡಿಯಲು ಹೋಗುವ ದಿನ ನಾನು ಹೂ ಮುಡಿಯುವುದಿಲ್ಲ. ತಲೆಗೆ ಎಣ್ಣೆ ಇಲ್ಲ, ಮುಖಕ್ಕೆ ಪೌಡರಿಲ್ಲ, ಹಿಂದಿನ ರಾತ್ರಿ ತಲೆನೋವು ಬಂದಿದ್ದರೂ ಹಣೆಗೆ ಅಮೃತಾಂಜನ ತಿಕ್ಕಿಕೊಳ್ಳುವುದಿಲ್ಲ. ಇಂದು ಶ್ರಾವಣದ ಶುಕ್ರವಾರ. ಅಮ್ಮ ಐದು ಗಂಟೆಗೇ ದೇವರ ಮುಂದೆ ದೀಪ ಹಚ್ಚಿ, ಕಟ್ಟಿಟ್ಟ ಮಲ್ಲಿಗೆಯಲ್ಲಿ ಒಂದು ಮೊಳ ನನಗೆಂದು ತೆಗೆದರು. ಆಮೇಲೆ ನೆನಪಾಗಿ, ‘ಓ, ಇವತ್ತು ನಿನ್ನ ಟೆಸ್ಟು ಅಲ್ವಾ’ ಎಂದು ಅದನ್ನು ಬಾಳೆಲೆಯಲ್ಲಿ ಸುತ್ತಿ ಎತ್ತಿಟ್ಟರು. ಊದುಬತ್ತಿ ಹಚ್ಚುವ ಮೊದಲೇ ನಾನು ಮನೆ ಬಿಡಬೇಕು. ಮಲ್ಲಿಗೆಯ ಕಂಪು ಅಂದರೆ ಬೆಂಜೈಲ್ ಅಸಿಟೇಟ್, ಲಿನಲೂಲ್ ಮೊದಲಾದ, ಗಾಳಿಗೆ ಹಾರುವ ಸಾವಯವ ರಾಸಾಯನಿಕಗಳು. ನನ್ನ ಪೆಟ್ಟಿಗೆಯಲ್ಲಿರುವ ನಳಿಕೆಗಳಿಗೆ ಹೂವಿನ ಕಂಪು, ಥಿನ್ನರಿನ ಘಾಟು ಎಂಬ ಭೇದವಿಲ್ಲ. ಎರಡನ್ನೂ ಒಂದೇ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ.

ಆರು ಗಂಟೆಗೆಲ್ಲ ಹೊರವರ್ತುಲ ರಸ್ತೆಯ ಪಕ್ಕದ ಹೊಸ ಕಟ್ಟಡವೊಂದರ ಎಂಟನೇ ಮಹಡಿಯಲ್ಲಿದ್ದೆ. ಕೆಲಸ ಮುಗಿದಿದೆ, ಜನ ಇನ್ನೂ ಬಂದಿಲ್ಲ. ಸಾಲು ಸಾಲು ಮೇಜುಗಳು, ಬೀರುಗಳು, ಪಾರ್ಟಿಷನ್ನುಗಳು ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ. ಕಾರ್ಪೆಟ್ಟಿನ ಮೇಲೆ ಯಾರ ಹೆಜ್ಜೆಯೂ ಮೂಡಿಲ್ಲ. ನಾಳೆ ಇಲ್ಲಿ ಜನ ಕುಳಿತಾಗ ಎಸಿ ಹೇಗೆ ಓಡುತ್ತದೋ ಇವತ್ತೂ ಹಾಗೆಯೇ ಓಡಬೇಕು, ಪರೀಕ್ಷೆ ಇದೆಯೆಂದು ಹೆಚ್ಚು ಗಾಳಿ ಬಿಡುವಂತಿಲ್ಲ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಬೆರಳುದ್ದದ ನಳಿಕೆಗಳನ್ನು ಸಿಕ್ಕಿಸಿ, ಪುಟ್ಟ ಪಂಪುಗಳನ್ನು ಚಾಲೂ ಮಾಡಿದೆ. ನಳಿಕೆಯ ಬಾಯಿ ನೆಲದಿಂದ 3 ಅಡಿಗಿಂತ ಕೆಳಗಿರಬಾರದು, 6 ಅಡಿಗಿಂತ ಮೇಲಿರಬಾರದು. ಆ ಅಂತರಕ್ಕೆ ಉಸಿರಿನ ವಲಯ ಎಂದು ಹೆಸರು. ಕುಳಿತವರ ಮೂಗಿನಿಂದ ನಿಂತವರ ಮೂಗಿನವರೆಗೆ. ನಾನು ಸಾಮಾನ್ಯವಾಗಿ ನಾಲ್ಕಡಿಗೆ ಇಡುತ್ತೇನೆ. ಇನ್ನೂ ಬಾರದ ಯಾರೋ ಒಬ್ಬರು ಕುರ್ಚಿ ಎಳೆದುಕೊಂಡು ಕುಳಿತರೆ ಅವರ ಮೂಗು ಅಲ್ಲಿರುತ್ತದೆ. ಅವರು ಯಾರೆಂದು ನನಗೆ ಗೊತ್ತಿಲ್ಲ. ಹಾಸನದ ಹುಡುಗಿಯಿರಬಹುದು, ಹುಬ್ಬಳ್ಳಿಯ ಹುಡುಗನಿರಬಹುದು, ಹೊಟ್ಟೆಯಲ್ಲಿ ಐದು ತಿಂಗಳ ಕೂಸಿರುವ ತಾಯಿಯಿರಬಹುದು.

ಆಮೇಲೆ ನನಗೆ ಕೆಲಸವಿಲ್ಲ. ಪಂಪುಗಳ ಸುತ್ತ ಸುಳಿದಾಡಬಾರದು. ನನ್ನ ಉಸಿರು, ನನ್ನ ಬಟ್ಟೆಗೆ ಹತ್ತಿದ ಸೋಪಿನ ಪುಡಿಯ ವಾಸನೆ ಕೂಡ ಅಲ್ಲಿಗೆ ಬೇಡದ ವಸ್ತು. ದೂರದ ಕಂಬವೊಂದಕ್ಕೆ ಒರಗಿ ನಾಲ್ಕು ಗಂಟೆ ಕಾಯಬೇಕು. ಹನ್ನೆರಡು ವರ್ಷಗಳಿಂದ ಹೀಗೆ ಖಾಲಿ ಕಟ್ಟಡಗಳಲ್ಲಿ ಕುಳಿತಿದ್ದೇನೆ. ಧ್ಯಾನ ಎಂಬುದು ನನಗೇನಾದರೂ ಒಲಿದಿದ್ದರೆ ಅದು ಇಲ್ಲೇ. ಕಣ್ಣು ಮುಚ್ಚಿದರೆ ಪಂಪಿನ ಗುಂಯ್ ಎನ್ನುವ ಸದ್ದು, ಮೇಲೆ ಡಕ್ಟಿನೊಳಗೆ ಗಾಳಿ ಹರಿಯುವ ಸದ್ದು, ನಡುವೆ ನನ್ನದೇ ಉಸಿರು.

ಈ ಪಂಪು ಎಳೆಯುವುದು ನಿಮಿಷಕ್ಕೆ ಅರ್ಧ ಲೀಟರು ಗಾಳಿ. ಸುಮ್ಮನೆ ಕುಳಿತ ಮನುಷ್ಯ ಒಂದು ಸಲ ಒಳಗೆ ಎಳೆದುಕೊಳ್ಳುವುದೂ ಹೆಚ್ಚು ಕಡಿಮೆ ಅಷ್ಟೇ. ನಾವು ನಿಮಿಷಕ್ಕೆ ಹದಿನೈದು ಸಲ ಮಾಡುವುದನ್ನು ಅದು ಒಂದೇ ಒಂದು ಸಲ, ಒಂದು ನಿಮಿಷ ಪೂರ್ತಿ ತೆಗೆದುಕೊಂಡು, ನಿಧಾನಕ್ಕೆ ಮಾಡುತ್ತದೆ. ಯಾವ ಪ್ರಾಣಾಯಾಮದ ಗುರುವಿಗೂ ಅಷ್ಟು ತಾಳ್ಮೆ ಇರಲಾರದು. ನಾಲ್ಕು ಗಂಟೆಗೆ 120 ಲೀಟರು. ಅಂದರೆ ಒಬ್ಬ ಮನುಷ್ಯನ 240 ಉಸಿರು, ನಮ್ಮ ಲೆಕ್ಕದಲ್ಲಿ ಬರೀ ಹದಿನಾರು ನಿಮಿಷದ ಬದುಕು. ಒಂದು ದಿನಕ್ಕೆ ನಾವು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಉಸಿರಾಡುತ್ತೇವೆ. ಅದರಲ್ಲಿ ಎಷ್ಟನ್ನು ನಾವು ಗಮನಿಸಿದ್ದೇವೆ?

ಚಿಕ್ಕಂದಿನಲ್ಲಿ ಅಪ್ಪ ಬೆಳಿಗ್ಗೆ ತೈತ್ತಿರೀಯದ ಶಾಂತಿಮಂತ್ರ ಹೇಳುತ್ತಿದ್ದರು. ಅದರಲ್ಲಿ ವಾಯುವಿಗೆ ನಮಸ್ಕಾರ ಬರುತ್ತದೆ. ಅವನನ್ನು ಪ್ರತ್ಯಕ್ಷ ಬ್ರಹ್ಮ ಎಂದು ಕರೆಯಲಾಗಿದೆ. ಕಣ್ಣಿಗೇ ಕಾಣದ ಗಾಳಿ ಪ್ರತ್ಯಕ್ಷ ಹೇಗಾಗುತ್ತೆ ಎಂದು ಕೇಳಿದ್ದೆ. ‘ಸ್ವಲ್ಪ ಹೊತ್ತು ಮೂಗು ಮುಚ್ಚಿಕೊಂಡು ನೋಡು ಮಗಳೇ’ ಎಂದಿದ್ದರು. ಆ ಉತ್ತರ ನನಗೆ ಸಾಕಾಯಿತು. ಈಗಲೂ ಸಾಕು.

ಈ ಪರೀಕ್ಷೆ ಯಾಕೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಸ್ವಲ್ಪ ಇದೆ. ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಬೇಕು. ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ 1993ರಲ್ಲಿ ಶುರುವಾಗಿ, ಲೀಡ್ ಎಂಬ ಅಂಕಪಟ್ಟಿಯನ್ನು ರೂಪಿಸಿತು. ನಮ್ಮಲ್ಲಿ 2001ರಲ್ಲಿ ಭಾರತೀಯ ಕೌನ್ಸಿಲ್ ಹುಟ್ಟಿತು. ಹೈದರಾಬಾದಿನಲ್ಲಿ ಅದರ ಕಚೇರಿಯಿರುವ ಕಟ್ಟಡಕ್ಕೆ ಅಮೆರಿಕದಾಚೆಗಿನ ಮೊದಲ ಪ್ಲಾಟಿನಂ ಶ್ರೇಣಿ ಸಿಕ್ಕಿತು, 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದರು. ನೀರಿಗೆ ಇಷ್ಟು ಅಂಕ, ವಿದ್ಯುತ್ತಿಗೆ ಇಷ್ಟು, ಸೌರಫಲಕಕ್ಕೆ ಇಷ್ಟು. ಇದೆಲ್ಲ ಹೊರಗಿನಿಂದ ಕಾಣುವಂಥದ್ದು. ಪಟ್ಟಿಯ ಕೊನೆಯ ಭಾಗದಲ್ಲಿ ಕಾಣದ್ದೊಂದು ಇದೆ: ಒಳಗಿನ ಗಾಳಿ. ಹಸಿರೇ ಉಸಿರು ಎಂದು ಶಾಲೆಯ ಕಾಂಪೌಂಡಿನಿಂದ ಹಿಡಿದು ಆಟೋದ ಬೆನ್ನಿನವರೆಗೆ ಬರೆದುಕೊಂಡಿದ್ದೇವೆ. ಹಸಿರೆಂದು ಹೆಸರಾದ ಮನೆಯೊಳಗೆ ಉಸಿರು ಹೇಗಿದೆ ಎಂದು ಕೇಳುವುದು ಈ ಒಂದು ಕಡೆ ಮಾತ್ರ.

2013ರ ಲೀಡ್ ಆವೃತ್ತಿಯಲ್ಲಿ ಇದಕ್ಕೆ ಎರಡು ದಾರಿ. ಒಂದು, ನಾನು ಮಾಡುತ್ತಿರುವ ಪರೀಕ್ಷೆ. ಫಾರ್ಮಾಲ್ಡಿಹೈಡ್ ನೂರು ಕೋಟಿ ಪಾಲಿನಲ್ಲಿ 27 ಪಾಲನ್ನು ಮೀರಬಾರದು; ಹಾರುವ ಸಾವಯವಗಳೆಲ್ಲ ಸೇರಿ ಘನ ಮೀಟರಿಗೆ 500 ಮೈಕ್ರೋಗ್ರಾಂ ದಾಟಬಾರದು; ದೂಳಿಗೆ, ಓಝೋನಿಗೆ, ಕಾರ್ಬನ್ ಮೊನಾಕ್ಸೈಡಿಗೆ ಇಂತಿಷ್ಟೆಂದು ಮಿತಿ. ನೂರು ಕೋಟಿಗೆ 27 ಎಂದರೆ, ಇಡೀ ಭಾರತದ ಜನಸಂದಣಿಯಲ್ಲಿ ಸುಮಾರು ನಲವತ್ತು ಮಂದಿಯನ್ನು ಹುಡುಕಿ ತೆಗೆದ ಹಾಗೆ. ಅದನ್ನು ಹುಡುಕುವ ಬಗೆ ಸರಳ. ನಳಿಕೆಯೊಳಗೆ ಮರಳಿನಂಥ ಸಿಲಿಕಾ ಕಾಳು, ಅದರ ಮೇಲೆ ಲೇಪಿಸಿದ ಒಂದು ರಾಸಾಯನಿಕ. ದಾಟಿಹೋಗುವ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದು ಅಲ್ಲೇ ಅಂಟಿ, ಬೇರೆ ವಸ್ತುವಾಗಿ ನಿಂತುಬಿಡುತ್ತದೆ. ಬೆಳಕು ತಾಗದಂತೆ, ಬಿಸಿ ಏರದಂತೆ ಪ್ರಯೋಗಾಲಯಕ್ಕೆ ಒಯ್ದು ತೊಳೆದು ಅಳೆಯುತ್ತಾರೆ. ಇನ್ನೊಂದು ನಳಿಕೆ ಪ್ರತಿ ಸಲ ಜೊತೆಗೆ ಬರುತ್ತದೆ. ಅದರ ಬಾಯಿ ಇಲ್ಲಿ ತೆರೆಯುತ್ತೇವೆ, ಮುಚ್ಚುತ್ತೇವೆ, ಅಷ್ಟೇ, ಗಾಳಿ ಎಳೆಸುವುದಿಲ್ಲ. ಬ್ಲ್ಯಾಂಕ್ ಎನ್ನುತ್ತೇವೆ. ಪ್ರಯಾಣದಲ್ಲೇ ಏನಾದರೂ ಅಂಟಿಕೊಂಡಿದ್ದರೆ ಅದು ಹೇಳುತ್ತದೆ. ಸಾಕ್ಷಿಗೂ ಒಂದು ಸಾಕ್ಷಿ ಬೇಕೆಂದು ಯೋಚಿಸಿದವರ ಬಗ್ಗೆ ನನಗೆ ಗೌರವ.

ಇನ್ನೊಂದು ದಾರಿ ಕಟ್ಟಡವನ್ನು ಗಾಳಿಯಿಂದ ತೊಳೆಯುವುದು. ಒಂದು ಚದರ ಅಡಿ ನೆಲಕ್ಕೆ 14,000 ಘನ ಅಡಿ ಹೊರಗಿನ ಗಾಳಿ ಹಾಯಬೇಕು. ಹತ್ತಡಿ ಎತ್ತರದ ಕೋಣೆಯೆಂದರೆ, ಅದರೊಳಗಿನ ಗಾಳಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬುವುದು 1,400 ಸಲ. ಚದರ ಅಡಿಗೆ ನಿಮಿಷಕ್ಕೆ ಒಂದು ಘನ ಅಡಿಯಂತೆ ಬಿಟ್ಟರೂ ಹಗಲೂ ರಾತ್ರಿ ಸುಮಾರು ಹತ್ತು ದಿನ. ಅಷ್ಟೂ ದಿನ ಒಳಗಿನ ಶಾಖ 15ರಿಂದ 27 ಡಿಗ್ರಿಯೊಳಗೆ ಇರಬೇಕು, ತೇವ ಶೇಕಡಾ 60 ದಾಟಬಾರದು. ಶ್ರಾವಣದಲ್ಲಿ ಬೆಂಗಳೂರಿನ ಬೆಳಗಿನ ಗಾಳಿಯ ತೇವವೇ 80 ದಾಟಿರುತ್ತದೆ. ಅದನ್ನು ಒಣಗಿಸಿ ಒಳಗೆ ಬಿಡಬೇಕು. ಮಂಗಳೂರಿನಲ್ಲಿ ಇದು ಇನ್ನೂ ಕಷ್ಟ. ಹಾಗಾಗಿ ಸೈಟ್ ಎಂಜಿನಿಯರುಗಳು ಸಾಮಾನ್ಯವಾಗಿ ಮೊದಲ ದಾರಿಯನ್ನೇ ಹಿಡಿಯುತ್ತಾರೆ. ಇಲ್ಲಿಯ ಎಂಜಿನಿಯರೂ, ‘ಹತ್ತು ದಿನ ಅಂದ್ರೆ ಹತ್ತು ದಿನದ ಬಾಡಿಗೆ ಮೇಡಂ. ಟೆಸ್ಟೇ ಮಾಡ್ಬಿಡಿ’ ಎಂದಿದ್ದರು. ಅವರನ್ನು ದೂರಲಾರೆ, ಅವರ ಮೇಲೂ ಯಾರೋ ನಿಂತಿರುತ್ತಾರೆ. ಆದರೂ ಆ 1,400 ಎಂಬ ಸಂಖ್ಯೆ ನನಗೆ ತುಂಬ ಇಷ್ಟ. ಯಾರೂ ಒಳಗೆ ಕಾಲಿಡುವ ಮೊದಲು ಒಂದು ಕೋಣೆ ಅಷ್ಟು ಸಲ ಉಸಿರು ಬಿಟ್ಟು ಉಸಿರು ಎಳೆದುಕೊಳ್ಳಲಿ ಎಂದು ಯಾರೋ ಕುಳಿತು ಲೆಕ್ಕ ಹಾಕಿದ್ದಾರೆ. ನಮ್ಮ ಊರಿನಲ್ಲೂ ಹೊಸ ಮನೆಗೆ ಸುಣ್ಣ ಬಳಿದ ಮೇಲೆ, ‘ಗೋಡೆ ಹಸಿ ಇದೆ, ಆರಲಿ’ ಎಂದು ಹಿರಿಯರು ಬಾಣಂತಿಯನ್ನೂ ಮಗುವನ್ನೂ ಕರೆತರಲು ಬಿಡುತ್ತಿರಲಿಲ್ಲ. ಕಾಯುವುದನ್ನು ಅವರು ಕೆಲಸವೆಂದೇ ತಿಳಿದಿದ್ದರು.

ಇವತ್ತು ನಾನು ಈ ಮಹಡಿಗೆ ಬಂದಿರುವುದು ಎರಡನೇ ಸಲ. ಮೊದಲ ಪರೀಕ್ಷೆ ನಪಾಸಾಯಿತು.

ಹೋದ ತಿಂಗಳು ಹೀಗೆಯೇ ಬೆಳಿಗ್ಗೆ ಬಂದಾಗ, ಲಿಫ್ಟಿನ ಬಾಗಿಲು ತೆರೆಯುತ್ತಿದ್ದಂತೆ ಫಿನಾಯಿಲಿನ ವಾಸನೆ ಮುಖಕ್ಕೆ ಬಡಿಯಿತು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಕೆಟ್ಟು, ಮಾಪು ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಮೇಲಿನ ವಯಸ್ಸು, ರಾಯಚೂರು ಕಡೆಯವರು, ಹೌಸ್‌ಕೀಪಿಂಗ್ ಕೆಲಸ. ನನ್ನ ಮುಖ ನೋಡಿ ಏನೋ ತಪ್ಪಾಗಿದೆ ಎಂದು ಅವರಿಗೆ ತಿಳಿಯಿತು. ‘ನೀವು ಬರ್ತೀರಿ ಅಂತ ಸಾಹೇಬ್ರು ಹೇಳಿದ್ರು ಅಕ್ಕಾರ. ಘಮಘಮ ಇರ್ಲಿ ಅಂತ ರಾತ್ರಿ ಎರಡ ಸಲ ಒರಸೀನ್ರಿ’ ಎಂದರು. ನನಗೆ ಮಾತು ಹೊರಡಲಿಲ್ಲ. ಬರುವವರಿಗಾಗಿ ಅವರು ನಿದ್ದೆಗೆಟ್ಟಿದ್ದರು. ಎಂಜಿನಿಯರು ದಿನ ಮುಂದೂಡಲು ಒಪ್ಪಲಿಲ್ಲ, ಪಂಪು ಇಟ್ಟೆ. ವರದಿಯಲ್ಲಿ ಪೈನೀನ್, ಲಿಮೋನೀನ್, ಟರ್ಪಿನಿಯೋಲ್ ಎಂದು ಶಿಖರಗಳು ಒಂದರ ಪಕ್ಕ ಒಂದು ಎದ್ದು ನಿಂತಿದ್ದವು. ಪೈನ್ ಮರದ ಎಣ್ಣೆಯ ಸಂತತಿ ಎಲ್ಲ. 500ರ ಗೆರೆ ಎಲ್ಲೋ ಕೆಳಗೆ ಉಳಿಯಿತು. ಯಾವ ಜಾಗದಲ್ಲಿ ಯಾವ ವಸ್ತು ಮಿತಿ ಮೀರಿತೋ ಅಲ್ಲಿಯೇ, ಅದನ್ನೇ, ಸರಿಪಡಿಸಿ ಮತ್ತೆ ಅಳೆಯಬೇಕೆಂಬುದು ನಿಯಮ.

ಸೈಟಿನಲ್ಲಿ ಆ ಹೆಂಗಸನ್ನು ಬೈದರಂತೆ. ಅದು ತಿಳಿದು ಸಂಕಟವಾಯಿತು. ತಪ್ಪು ಅವರದ್ದಲ್ಲ, ಪರೀಕ್ಷೆ ಎಂದರೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಚೊಕ್ಕಟ ಎಂದರೆ ಒಂದು ವಾಸನೆ ಇರಬೇಕೆಂದು ನಮಗೆಲ್ಲ ಕಲಿಸಿಬಿಟ್ಟಿದ್ದಾರೆ. ಆಸ್ಪತ್ರೆ ಫಿನಾಯಿಲ್ ನಾರಿದರೆ ನಂಬಿಕೆ ಬರುತ್ತದೆ. ಹೊಸ ಕಾರಿನ ವಾಸನೆ, ಹೊಸ ಬೀರುವಿನ ವಾಸನೆ, ಹೊಸ ಬಣ್ಣದ ವಾಸನೆ ನಮಗೆ ಸಂಪತ್ತಿನ ಗುರುತು. ಗೃಹಪ್ರವೇಶಕ್ಕೆ ಹೋದವರು ಬಾಗಿಲಲ್ಲೇ ಮೂಗರಳಿಸಿ, ‘ಹೊಸ ಮನೆ ವಾಸನೆ’ ಎಂದು ಮೆಚ್ಚುತ್ತಾರೆ. ಆ ವಾಸನೆಯಲ್ಲಿ ಬಹುಪಾಲು ಪ್ಲೈವುಡ್ಡು, ಎಂಡಿಎಫ್ ಹಲಗೆಗಳ ಅಂಟಿನದು, ಪಾಲಿಶಿನದು, ಥಿನ್ನರಿನದು. ಅಂಟಿನ ಯೂರಿಯಾ ರಾಳ ತೇವಕ್ಕೆ, ಶಾಖಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಷ್ಟೂ ಫಾರ್ಮಾಲ್ಡಿಹೈಡ್ ಹೊರಬೀಳುತ್ತದೆ. ಮೊದಲ ವಾರಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ, ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಲ್ಲುವುದಿಲ್ಲ. ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ, ಹಾವುಗಳನ್ನು ಮುಳುಗಿಸಿಟ್ಟ ಜಾಡಿಯ ಫಾರ್ಮಾಲಿನ್ ನೆನಪಿದೆಯಲ್ಲ, ಅದೇ ವಸ್ತು. ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಸಾಲಿಗೆ ಅದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಸೇರಿಸಿತು. ಆದರೆ ನೂರು ಕೋಟಿಗೆ 27ರ ಮಟ್ಟದಲ್ಲಿ ನಮ್ಮಲ್ಲಿ ಹೆಚ್ಚಿನವರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಫಿನಾಯಿಲಿನಲ್ಲಿದ್ದ ಪೈನೀನ್, ಲಿಮೋನೀನ್‌ನಂಥ ಟರ್ಪೀನುಗಳು ಅಷ್ಟು ಕೆಟ್ಟವಲ್ಲ ಅನ್ನಬಹುದು. ಅವು ಕೂಡ ಓಝೋನಿನ ಜೊತೆ ಕೂಡಿದರೆ ಮತ್ತೆ ಫಾರ್ಮಾಲ್ಡಿಹೈಡನ್ನೇ ಹುಟ್ಟಿಸುತ್ತವೆ. ಕೆಟ್ಟದ್ದು ನಾರುತ್ತದೆ, ಒಳ್ಳೆಯದು ಘಮಘಮಿಸುತ್ತದೆ ಎಂಬ ನಂಬಿಕೆಯನ್ನು ಮೂಗಿನಿಂದ ಬಿಡಿಸಲು ನನಗೆ ಎಷ್ಟೋ ವರ್ಷ ಹಿಡಿಯಿತು. ಶುದ್ಧ ಗಾಳಿಗೆ ವಾಸನೆಯಿಲ್ಲ. ಅದಕ್ಕೇ ಅದನ್ನು ಹೊಗಳುವುದು ಕಷ್ಟ.

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವೈದ್ಯ, ರಸಾಯನಶಾಸ್ತ್ರಜ್ಞ ಇದ್ದರು. ಕೋಣೆಯ ಗಾಳಿಯನ್ನು ಅಳೆಯುವ ವಿದ್ಯೆಗೆ ಅವರೇ ಮೂಲಪುರುಷ ಎಂದರೆ ತಪ್ಪಿಲ್ಲ. ಜನ ಕುಳಿತ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡು ಸಾವಿರಕ್ಕೆ ಒಂದು ಪಾಲನ್ನು ಮೀರಿದರೆ ಆ ಗಾಳಿ ಹಳಸಿತೆಂದು ತಿಳಿಯಬೇಕು ಎಂದು 1858ರಲ್ಲಿ ಹೇಳಿದವರು ಅವರು. ಈಗಲೂ ಎಂಜಿನಿಯರುಗಳ ಬಾಯಲ್ಲಿ ಸಾವಿರ ಪಿಪಿಎಂ ಎಂದು ಓಡಾಡುತ್ತಿರುವುದು ಅದೇ ಸಂಖ್ಯೆ. ಅವರ ಕಾಲದಲ್ಲಿ ಹೊರಗಿನ ಗಾಳಿಯಲ್ಲಿ ಅದು 300ಕ್ಕಿಂತ ಕಡಿಮೆ ಇತ್ತು, ಈಗ 420 ದಾಟಿದೆ. ಅವರು ಕಿಟಕಿ ತೆರೆದಾಗ ಬರುತ್ತಿದ್ದ ಗಾಳಿ ಇವತ್ತು ಭೂಮಿಯ ಯಾವ ಕಿಟಕಿಯಿಂದಲೂ ಬರುವುದಿಲ್ಲ. ಅವರದ್ದೇ ಇನ್ನೊಂದು ಮಾತಿದೆ: ಕೋಣೆಯಲ್ಲಿ ತಿಪ್ಪೆ ಇದ್ದರೆ ಗಾಳಿ ಆಡಿಸಿ ನಾತ ಕಳೆಯಲು ಹೋಗಬೇಡಿ, ತಿಪ್ಪೆಯನ್ನೇ ಎತ್ತಿ ಹಾಕಿ ಎಂಬ ಅರ್ಥದ್ದು. ನೂರ ಅರವತ್ತು ವರ್ಷ ಕಳೆದರೂ ಇದಕ್ಕಿಂತ ದೊಡ್ಡ ಸೂತ್ರ ಈ ಶಾಸ್ತ್ರದಲ್ಲಿ ಹುಟ್ಟಿಲ್ಲ ಎಂದೇ ನನ್ನ ಅಭಿಪ್ರಾಯ. ಕನ್ನಡದಲ್ಲಂತೂ ತಿಪ್ಪೆ ಸಾರಿಸುವುದು ಎಂಬ ಮಾತೇ ಇದೆ. ಫಾರ್ಮಾಲ್ಡಿಹೈಡ್ ಕಾರುವ ಹಲಗೆಗಳನ್ನು ತಂದು ತುಂಬಿ, ಆಮೇಲೆ 1,400 ಸಲ ಗಾಳಿ ಬಿಡುತ್ತೇವೆ ಎಂದರೆ ಆಗುವುದು ಅದೇ. ಮೊದಲೇ ಕಡಿಮೆ ಹೊರಸೂಸುವ ಹಲಗೆ, ನೀರಿನಲ್ಲಿ ಕಲಸುವ ಬಣ್ಣ, ದ್ರಾವಕವಿಲ್ಲದ ಅಂಟು ತಂದರೆ ನನ್ನ ಪಂಪಿಗೆ ಹಿಡಿಯಲು ಹೆಚ್ಚೇನೂ ಇರುವುದಿಲ್ಲ. ಅಂಕಪಟ್ಟಿಯಲ್ಲಿ ಅದಕ್ಕೂ ಅಂಕವಿದೆ. ಅದು ದುಬಾರಿ ಎನ್ನುವವರೂ ಇದ್ದಾರೆ.

ತಿಪ್ಪೆಯನ್ನು ಎತ್ತಲಾಗದಿದ್ದರೆ? ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡವಿದೆ, ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರ ವಿನ್ಯಾಸ. ಆ ಜಾಗದ ದಕ್ಷಿಣಕ್ಕೆ ನಾರುವ ದೊಡ್ಡ ಮೋರಿ. ಅವರು ಕಟ್ಟಡದ ಬೆನ್ನನ್ನು ಮೋರಿಯ ಕಡೆಗೆ ತಿರುಗಿಸಿದರು, ಮುಖವನ್ನು ಉತ್ತರಕ್ಕೆ ತೆರೆದರು. ದಕ್ಷಿಣದ ಗೋಡೆಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಅದು ಕಾದಾಗ ಗೋಡೆಯೊಳಗಿನ ಪೊಳ್ಳಿನಲ್ಲಿ ಗಾಳಿ ಹಗುರಾಗಿ ಮೇಲೇರುತ್ತದೆ, ಅದರ ಸೆಳೆತಕ್ಕೆ ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ತಾನಾಗಿ ಒಳಗೆ ಬರುತ್ತದೆ. ಕಟ್ಟುವ ಮೊದಲು ಅವರು ಅಲ್ಲಿ ನಿಂತು ಮೂಗಿನಿಂದ ಆ ಜಾಗವನ್ನು ಓದಿರಬೇಕು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಈ ಎಂಟನೇ ಮಹಡಿಯ ಗಾಜುಗಳು ತೆರೆಯುವುದಿಲ್ಲ. ಹೊರಗೆ ಈಗ ಬೆಳಕಾಗಿದೆ. ಮಳೆ ಹನಿಯುತ್ತಿದೆ, ಮಣ್ಣಿನ ವಾಸನೆ ಎದ್ದಿರಬೇಕು, ಗಾಜಿನಾಚೆ.

ಎಂಟೂವರೆಗೆ ಕೆಳಗಿನ ಮಹಡಿಯಲ್ಲಿ ಸದ್ದು ಶುರುವಾಯಿತು. ಏಳನೆಯದು ಇನ್ನೂ ಮುಗಿದಿಲ್ಲ. ಬಡಗಿಗಳು ಮೈಕಾ ಕೊಯ್ಯುತ್ತಾರೆ, ಹಳದಿ ರಬ್ಬರಿನ ಅಂಟು ಬಳಿದು ಹಲಗೆಗೆ ಒತ್ತುತ್ತಾರೆ, ಪಾಲಿಶಿನವರು ಸ್ಪ್ರೇ ಗನ್ನು ಹಿಡಿದು ಬಾಗಿಲುಗಳಿಗೆ ಹೊಡೆಯುತ್ತಾರೆ. ಈ ಮಹಡಿಯಲ್ಲೂ ಎರಡು ತಿಂಗಳ ಹಿಂದೆ ಅವರೇ ಇದ್ದರು. ಕೆಲವರು ರಾತ್ರಿ ಇಲ್ಲೇ, ಹೊಸ ಪ್ಲೈವುಡ್ಡಿನ ರಾಶಿಯ ಪಕ್ಕದಲ್ಲೇ, ಚಾಪೆ ಹಾಸಿ ಮಲಗುತ್ತಿದ್ದರು. ಪಾವಗಡದ ಒಬ್ಬ ಪೇಂಟರ್ ಹುಡುಗನನ್ನು ಮೊದಲ ಸಲ ಬಂದಾಗ ಮಾತನಾಡಿಸಿದ್ದೆ. ಇಪ್ಪತ್ತೆರಡು ವರ್ಷವಿರಬಹುದು. ಮೂಗಿಗೆ ಕಟ್ಟಿದ್ದ ಕರ್ಚೀಫು ಗಲ್ಲಕ್ಕೆ ಇಳಿದಿತ್ತು. ‘ಮೊದ್ಮೊದ್ಲು ತಲೆ ತಿರುಗ್ತಿತ್ತು ಅಕ್ಕ. ಈಗ ವಾಸ್ನೆನೇ ಗೊತ್ತಾಗಲ್ಲ’ ಎಂದ. ಕೆಲಸ ಪಳಗಿತು ಎನ್ನುವ ಹಾಗೆ, ಒಂದು ಸಣ್ಣ ಹೆಮ್ಮೆಯಿಂದ ಹೇಳಿದ. ಆ ಮಾತು ನನ್ನನ್ನು ಬಿಟ್ಟಿಲ್ಲ. ಮೂಗು ಎಚ್ಚರಿಸಿ ಎಚ್ಚರಿಸಿ ಸಾಕಾಗಿ ಸುಮ್ಮನಾಗಿತ್ತು.

ಕ್ಯಾನ್ಸರ್ ಸಂಸ್ಥೆಯ ಆ ಪಟ್ಟಿಯಲ್ಲಿ ರಾಸಾಯನಿಕಗಳ ಹೆಸರಿನ ನಡುವೆ ಒಂದು ಕಸುಬಿನ ಹೆಸರಿದೆ. ಬಣ್ಣ ಬಳಿಯುವ ಕಸುಬು. ಯಾವುದೋ ಒಂದು ದ್ರಾವಕವಲ್ಲ, ಇಡೀ ವೃತ್ತಿಯೇ, 1989ರಿಂದ. ಮರದ ಹುಡಿ 1995ರಲ್ಲಿ ಸೇರಿತು. ನಾನು ಸ್ಟ್ಯಾಂಡು ಇಡುವ ಹೊತ್ತಿಗೆ ಈ ಎರಡೂ ಕಸುಬಿನವರು ಹೊರಟುಹೋಗಿರಬೇಕೆಂಬುದು ನಿಯಮ. ಅವರು ಇರುವಾಗ ಅಳೆದರೆ ಯಾವ ಕಟ್ಟಡವೂ ಪಾಸಾಗುವುದಿಲ್ಲ. ಬರುವವರ ಉಸಿರಿಗೆ ನೂರು ಕೋಟಿಗೆ ಇಷ್ಟೆಂದು ಲೆಕ್ಕವಿಟ್ಟ ಪ್ರಮಾಣಪತ್ರದಲ್ಲಿ, ಕಟ್ಟಿಹೋದವರ ಉಸಿರಿಗೆ ಸಂಖ್ಯೆಯಿಲ್ಲ. ಕಟ್ಟುವಾಗ ದೂಳು ಹರಡದಂತೆ, ಡಕ್ಟುಗಳ ಬಾಯಿ ಮುಚ್ಚಿಡುವಂತೆ ಹೇಳುವ ನಿಯಮಗಳಿವೆ, ಒಳ್ಳೆಯವೇ. ಆದರೆ ಅವು ಮುಖ್ಯವಾಗಿ ಕಾಯುವುದು ಡಕ್ಟನ್ನು. ಕಡಿಮೆ ಹೊರಸೂಸುವ ಅಂಟು, ಬಣ್ಣ ದುಬಾರಿ ಎನ್ನುವವರ ಎದುರು ನಾನು ಪ್ರತಿ ಸಲ ಇದನ್ನೇ ಹೇಳುತ್ತೇನೆ: ಅದರ ಲಾಭ ಮೊದಲು ಮುಟ್ಟುವುದು ಆರು ತಿಂಗಳು ಅದನ್ನು ಕೈಯಲ್ಲಿ ಹಿಡಿದು ಬಳಿಯುವವರಿಗೆ. ಕೊನೆಗೆ ಸಿಗುವ ಒಂದೆರಡು ಅಂಕ ಆಮೇಲಿನದು.

ಯಾರ ಉಸಿರನ್ನು ಅಳೆಯಬೇಕೆಂದು ನಿರ್ಧರಿಸುವುದು ಯಾರು ಎಂದು ಯೋಚಿಸುವಾಗಲೆಲ್ಲ ನನಗೆ ಅಜ್ಜಿಯ ಅಡುಗೆಮನೆ ನೆನಪಾಗುತ್ತದೆ. ಹಳೆಯ ಮನೆಗಳೆಂದರೆ ತೊಟ್ಟಿ, ಗವಾಕ್ಷಿ, ಬೆಳಕಿಂಡಿ, ತಂಗಾಳಿ ಎಂದು ಹಾಡಿ ಹೊಗಳುತ್ತೇವೆ. ಜಗುಲಿಯಲ್ಲಿ ಕುಳಿತವರಿಗೆ ಅದು ನಿಜ. ಒಳಗೆ ಒಲೆಯ ಮುಂದೆ ಕುಳಿತ ಅಜ್ಜಿ ಕೊಳವೆಯಲ್ಲಿ ಊದುತ್ತ, ಕೆಮ್ಮುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಡುಗೆಮನೆಯ ತೊಲೆಗಳು ಹೊಗೆ ಕುಡಿದು ಕಪ್ಪಾಗಿದ್ದವು. ಅಜ್ಜಿಯ ಶ್ವಾಸಕೋಶವನ್ನು ಯಾರು ನೋಡಿದರು? 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಗುಜರಾತಿನ ಹಳ್ಳಿಗಳಿಗೆ ಬಂದು, ಸೌದೆ ಒಲೆಯಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನು ಅಳೆದರು. ಅಲ್ಲಿಯವರೆಗೆ ವಾಯುಮಾಲಿನ್ಯ ಎಂದರೆ ಕಾರ್ಖಾನೆಯ ಚಿಮಣಿ, ನಗರದ ರಸ್ತೆ. ಅವರು ಅಳತೆಯ ಯಂತ್ರವನ್ನು ಕೋಣೆಯ ಮೂಲೆಯಲ್ಲಿ ಇಟ್ಟು ಬರಲಿಲ್ಲ, ಅಡುಗೆ ಮಾಡುವವರ ಮೈಮೇಲೆಯೇ ಕಟ್ಟಿದರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಅಂದಾಜಿನ ಹಿಂದೆ ಅಂಥ ಪುಟ್ಟ ಪಂಪುಗಳಿವೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮೂರು ಪಾತ್ರೆ ಇಡುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆ ಮಾಡಿದರು. ಅಸ್ತ್ರ ಒಲೆ ಎಂದರೆ ನಮ್ಮ ಹಳ್ಳಿಗಳ ಹಳಬರಿಗೆ ಈಗಲೂ ನೆನಪಿದೆ. ತಿಪ್ಪೆ ಎತ್ತಿಹಾಕಿದ ಕೆಲಸ ಅದು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಪಂಪುಗಳನ್ನು ನಿಲ್ಲಿಸಿದೆ. ಗಾಳಿಯ ಹರಿವು ಬೆಳಿಗ್ಗೆ ಇದ್ದಷ್ಟೇ ಇದೆಯೇ ಎಂದು ಮತ್ತೊಮ್ಮೆ ಅಳೆದು ಬರೆದುಕೊಂಡೆ. ನಳಿಕೆಗಳಿಗೆ ಎರಡೂ ಕಡೆ ಮುಚ್ಚಳ ಹಾಕಿ, ಬೆಳ್ಳಿ ಕಾಗದ ಸುತ್ತಿ, ಐಸ್ ಪೆಟ್ಟಿಗೆಯಲ್ಲಿಟ್ಟೆ. ಈ ಸಲ ನೆಲವನ್ನು ಬರೀ ನೀರಿನಲ್ಲಿ ಒರೆಸಿದ್ದರು. ಬೆಳಿಗ್ಗೆ ನಾನು ಬಂದಾಗ ಅವರೇ, ಆ ರಾಯಚೂರಿನ ಅಮ್ಮ, ಲಿಫ್ಟಿನ ಹತ್ತಿರ ಕಾದಿದ್ದು ಬಕೆಟ್ಟನ್ನು ನನ್ನ ಮುಖದ ಹತ್ತಿರ ಎತ್ತಿ ಹಿಡಿದಿದ್ದರು. ‘ನೋಡ್ರಿ ಅಕ್ಕಾರ, ಬರೇ ನೀರು.’ ನಾನು ಬಗ್ಗಿ ಮೂಸಿದ್ದೆ. ಏನೂ ಇರಲಿಲ್ಲ.

ಕೆಳಗಿಳಿಯುವಾಗ ಏಳನೇ ಮಹಡಿಯಲ್ಲಿ ಲಿಫ್ಟು ನಿಂತಿತು. ಬಾಗಿಲು ತೆರೆದಾಗ ಪಾಲಿಶಿನ ಘಾಟು ಕಣ್ಣಿಗೆ ಚುಚ್ಚಿತು. ಒಳಗೆ ಮಂಜಿನಂಥ ಬಿಳಿ ಹಬೆ. ಅದರ ನಡುವೆ ಅವರು ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಮರದ ಹುಡಿ ಗುಡಿಸುತ್ತಿದ್ದರು. ನನ್ನನ್ನು ಕಂಡು ಸೆರಗು ಸರಿಸಿ ನಕ್ಕರು. ‘ಆತೇನ್ರಿ? ಪಾಸಾತೇನ್ರಿ?’

‘ನಾಲ್ಕು ದಿನ ಆಗುತ್ತೆ ಅಮ್ಮ, ಗೊತ್ತಾಗೋಕೆ.’

‘ಇಲ್ಲಿ ಯಾವಾಗ ಇಡ್ತೀರಿ ಮಷೀನು?’

‘ಇಲ್ಲಿಯ ಕೆಲಸ ಎಲ್ಲ ಮುಗಿದ ಮೇಲೆ. ಎಲ್ಲರೂ ಹೋದ ಮೇಲೆ.’

ಅವರು ತಲೆಯಾಡಿಸಿ ಮತ್ತೆ ಪೊರಕೆ ಎತ್ತಿಕೊಂಡರು. ಲಿಫ್ಟಿನ ಬಾಗಿಲು ಮುಚ್ಚತೊಡಗಿತ್ತು. ನಾನು ಕೈ ಅಡ್ಡ ಇಟ್ಟೆ.

ಪ್ರತಿ ಸಲ ಒಂದು ನಳಿಕೆ ಹೆಚ್ಚಿಗೆ ತರುತ್ತೇನೆ, ಯಾವುದಾದರೂ ಒಡೆದರೆ ಇರಲಿ ಎಂದು. ಅದು ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಹೊರಬಂದು, ನೆಲದ ಮೇಲೆ ಪೆಟ್ಟಿಗೆ ಇಟ್ಟು, ಆ ನಳಿಕೆಯ ಮುಚ್ಚಳ ಬಿಚ್ಚಿ ಒಂದು ಪಂಪಿಗೆ ಸಿಕ್ಕಿಸಿದೆ. ‘ಇದನ್ನ ಮಧ್ಯಾಹ್ನದ ತನಕ ನಿಮ್ಮ ಹತ್ರ ಇಟ್ಕೋತೀರಾ ಅಮ್ಮ? ಕೆಲಸಕ್ಕೆ ಅಡ್ಡ ಆಗಲ್ಲ. ಊಟಕ್ಕೆ ಹೋಗುವಾಗ ನಾನೇ ಬಂದು ತೆಗೀತೀನಿ.’

ಅವರು ಪಂಪನ್ನು ನೋಡಿದರು, ನನ್ನನ್ನು ನೋಡಿದರು. ‘ನಂದೂ ನೋಡ್ತೀರೇನ್ರಿ?’

ಪಂಪನ್ನು ಸೊಂಟದ ಹತ್ತಿರ ಸೀರೆಯ ನೆರಿಗೆಗೆ ಸಿಕ್ಕಿಸಿದೆ. ನಳಿಕೆಯನ್ನು ಭುಜದ ಮೇಲೆ, ಸೆರಗಿನ ಪಿನ್ನಿನ ಪಕ್ಕದಲ್ಲಿ, ಮೂಗಿನಿಂದ ಒಂದು ಗೇಣು ಕೆಳಗೆ. ಗುಂಡಿ ಒತ್ತಿದಾಗ ಅದು ಗುಂಯ್ ಎಂದಿತು. ಅವರು ಒಂದು ಕ್ಷಣ ಅಲುಗಾಡದೆ ನಿಂತು ಅದರ ಸದ್ದು ಕೇಳಿಸಿಕೊಂಡರು. ಆಮೇಲೆ ಪೊರಕೆ ಹಿಡಿದು ಹಬೆಯ ಕಡೆಗೆ ನಡೆದರು.